ಗೇಣುದ್ದದ ಗಾಡಿಯೊಳಗಿನ ಚರಿತ್ರೆ

ಊರು ಬಿಟ್ಟು ಬಂದ ನಮಗೆಲ್ಲ ರೈಲುಗಾಡಿಯ ನಂಟು ದೊಡ್ಡದು. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಪ್ರಯಾಣಿಕರ ಗಾಡಿಗಳನ್ನು ಪುಟ್ಟ ಮಾದರಿಗಳಾಗಿ ಮಾಡಿ, ಮೇಜಿನ ಮೇಲಿನ ಹಳಿಗಳಲ್ಲಿ ಓಡಿಸುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಎಚ್‌ಓ’ ಅಳತೆಯಲ್ಲಿ ಒಂದು ಅಡಿಯು ಮೂರೂವರೆ ಮಿಲಿಮೀಟರಾಗುತ್ತದೆ. 60 ಅಡಿಯ ಗಾಡಿ 21 ಸೆಂಟಿಮೀಟರಿಗೆ, ಎಂದರೆ ಸುಮಾರು ಒಂದು ಗೇಣಿಗೆ, ಇಳಿಯುತ್ತದೆ. ಈ ಗೇಣಿನೊಳಗೆ ಏನೇನು ಅಡಗಿದೆಯೆಂಬುದನ್ನು ನೋಡೋಣ.

ಮೊದಲು ಚಕ್ರಗಳು. 1830ರಲ್ಲಿ ಬಾಲ್ಟಿಮೋರ್–ಒಹಾಯೊ ರೈಲುದಾರಿ ಆರಂಭವಾದಾಗ ಅಲ್ಲಿಯ ಗಾಡಿಗಳು ಕುದುರೆಸಾರೋಟಿನಂತೆಯೇ ಇದ್ದವು. ಆದರೆ ಆ ನಾಡಿನ ಹಳಿಗಳು ಹಗುರ, ತಿರುವುಗಳು ಕಡಿದು. ಆದುದರಿಂದ ಉದ್ದವಾದ ಗಾಡಿಯ ಎರಡು ತುದಿಗಳಿಗೂ, ತಾವೇ ತಿರುಗಬಲ್ಲ ನಾಲ್ಕು ನಾಲ್ಕು ಚಕ್ರಗಳ ಚೌಕಟ್ಟನ್ನು ಜೋಡಿಸಿದರು. ನಡುವೆ ಓಡಾಡುವ ದಾರಿ, ಎರಡು ಪಕ್ಕದಲ್ಲಿ ಆಸನಗಳು, ತುದಿಗಳಲ್ಲಿ ತೆರೆದ ಜಗಲಿ. ಒಂದೊಂದು ಕೋಣೆಗೂ ಬೇರೆ ಬಾಗಿಲಿದ್ದ ಇಂಗ್ಲೆಂಡಿನ ಗಾಡಿಗಿಂತ ಇದು ತೀರ ಭಿನ್ನ.

ಚಾವಣಿಯ ಮೇಲೆ ಒಂದು ಸಣ್ಣ ಕೊಳವೆ ಕಾಣುತ್ತದೆ. ಅದು ಒಳಗಿನ ಒಲೆಯ ಹೊಗೆಗಂಡಿ. ಚಳಿಗಾಲದಲ್ಲಿ ಮರದ ಗಾಡಿಯಲ್ಲಿ ಬೆಂಕಿಯಿಟ್ಟುಕೊಂಡೇ ಜನ ಪ್ರಯಾಣ ಮಾಡುತ್ತಿದ್ದರು. 1876ರ ಡಿಸೆಂಬರ್ 29ರಂದು ಒಹಾಯೊದ ಆಷ್ಟಬ್ಯುಲಾದಲ್ಲಿ ಸೇತುವೆ ಮುರಿದು ಗಾಡಿಗಳು ಉರುಳಿದಾಗ, ಒಲೆ ದೀಪಗಳ ಕಿಚ್ಚು ಹರಡಿ ಸುಮಾರು 90 ಮಂದಿ ಮಡಿದರು. ಮುಂದೆ ಎಂಜಿನ್ನಿನ ಹಬೆಯಿಂದಲೇ ಗಾಡಿಗಳನ್ನು ಬೆಚ್ಚಗಿಡುವ ಏರ್ಪಾಡು ಬಂದಿತು.

ಇನ್ನು ಕೊಂಡಿ. ಎರಡು ಗಾಡಿಗಳ ನಡುವೆ ನಿಂತು ಬಳೆಯೊಳಗೆ ಕೈಯಿಂದ ಗೂಟ ಸೇರಿಸಬೇಕಾಗಿದ್ದ ಕೆಲಸಗಾರರು ಬೆರಳುಗಳನ್ನೂ, ಎಷ್ಟೋ ಸಲ ಪ್ರಾಣವನ್ನೂ ಕಳೆದುಕೊಂಡರು. 1873ರಲ್ಲಿ ಈಲೈ ಜ್ಯಾನಿ ಎಂಬಾತನು, ಬೆರಳು ಬಾಗಿಸಿದ ಎರಡು ಕೈಗಳಂತೆ ತಾವೇ ಹಿಡಿದುಕೊಳ್ಳುವ ಕೊಂಡಿಗೆ ಹಕ್ಕುಪತ್ರ ಪಡೆದನು. ಆದರೂ ಕಾನೂನಿನ ಒತ್ತಾಯ ಬಂದದ್ದು 1893ರಲ್ಲಿ. ನಾವು ಇಂದು ಊರಿಗೆ ಹೋಗುವ ಎಲ್‌ಎಚ್‌ಬಿ ಗಾಡಿಗಳ ನಡುಕೊಂಡಿಯೂ ಇದೇ ತತ್ತ್ವದ್ದು.

ಆದರೆ ಮಾದರಿಯಲ್ಲಿ ಕಾಣಸಿಗದ ಸಂಗತಿಯೊಂದಿದೆ: ಯಾರು ಎಲ್ಲಿ ಕುಳಿತುಕೊಳ್ಳಬಹುದೆಂಬ ಕಟ್ಟಳೆ. ಲೂಸಿಯಾನಾ ಸಂಸ್ಥಾನವು 1890ರಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಗಾಡಿಗಳನ್ನು ವಿಧಿಸಿತು. ಆ ಕಾನೂನನ್ನು ಪ್ರಶ್ನಿಸಲೆಂದೇ ಹೋಮರ್ ಪ್ಲೆಸಿ 1892ರ ಜೂನ್ 7ರಂದು ನ್ಯೂ ಆರ್ಲಿಯನ್ಸಿನಲ್ಲಿ ಮೊದಲ ದರ್ಜೆಯ ಚೀಟಿ ಕೊಂಡು, ಬಿಳಿಯರ ಗಾಡಿಯಲ್ಲಿ ಕುಳಿತು ಸೆರೆಯಾದನು. 1896ರಲ್ಲಿ ಪರಮೋಚ್ಚ ನ್ಯಾಯಾಲಯವು ಕಾನೂನಿನ ಪಕ್ಷವನ್ನೇ ಹಿಡಿಯಿತು. ಬೇರೆಯಾಗಿಟ್ಟರೂ ಸಮಾನತೆಗೆ ಕುಂದಿಲ್ಲವೆಂಬ ಆ ವಾದವನ್ನು ಅದೇ ನ್ಯಾಯಾಲಯ ಶಾಲೆಗಳ ವಿಷಯದಲ್ಲಿ ತಳ್ಳಿಹಾಕಿದ್ದು 1954ರಲ್ಲಿ. ಪ್ಲೆಸಿಗೆ ಮರಣೋತ್ತರ ಕ್ಷಮೆ ದೊರೆತದ್ದು 2022ರಲ್ಲಿ.

ನಮ್ಮ ಮಕ್ಕಳಲ್ಲಿ ಯಾರಾದರೂ ಇಂಥ ಗಾಡಿಯನ್ನು ಕಟ್ಟಲು ಹೊರಟರೆ ಹಿರಿಯರು ಸಂತೋಷದಿಂದ ನೆರವಾಗಲಿ. ಕೊಳವೆಯನ್ನೂ ಕೊಂಡಿಯನ್ನೂ ಜೋಡಿಸಿ, ಒಳಗೆ ಆಸನಗಳನ್ನು ಅಂಟಿಸುವಾಗ ಪ್ಲೆಸಿಯ ಕಥೆಯನ್ನೂ ಮಕ್ಕಳಿಗೆ ಹೇಳಲಿ.