ಅನುಮಾನದ ಫೈಲಿಗೆ ಬೇರೆಯದೇ ಕಂಪ್ಯೂಟರ್: ಲಿನಕ್ಸ್‌ನಲ್ಲಿ ವರ್ಚುವಲ್ ಮಷೀನ್

ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿಯೊಬ್ಬರ ಲ್ಯಾಪ್‌ಟಾಪ್‌ಗೆ 2016ರಲ್ಲಿ ಇಮೇಲ್ ಅಟ್ಯಾಚ್‌ಮೆಂಟ್ ಮೂಲಕ ನೆಟ್‌ವೈರ್ ಎಂಬ ಮಾಲ್‌ವೇರ್ ಹೊಕ್ಕಿತ್ತು, ಅದರ ಮೂಲಕವೇ ಪತ್ರಗಳನ್ನು ತಂದಿಡಲಾಗಿತ್ತು ಅಂತ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ಎನ್‌ಐಎ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಪತ್ರಕರ್ತರು, ಹೋರಾಟಗಾರರು ದಿನಾ ಅಪರಿಚಿತರ ಫೈಲ್ ತೆರೆಯಲೇಬೇಕು. ನಾನು ಅಂಥವನ್ನು ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೆ ನಡೆಯುವ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆಯುತ್ತೇನೆ. ಖರ್ಚು ಸೊನ್ನೆ.

ಬೇಕಾದದ್ದು: ಕೆವಿಎಂ 2007ರಿಂದಲೂ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಮೊದಲು ಬಯೋಸ್‌ಗೆ ಹೋಗಿ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಆನ್ ಮಾಡಿ. ಉಬುಂಟು, ಡೆಬಿಯನ್‌ನಲ್ಲಿ ವರ್ಟ್-ಮ್ಯಾನೇಜರ್ ಹಾಕಿಕೊಂಡರೆ ಕ್ಯೂಎಮು, ಲಿಬ್‌ವರ್ಟ್ ಸಾಮಾನ್ಯವಾಗಿ ಜೊತೆಗೇ ಬರುತ್ತವೆ. ನಿಮ್ಮ ಯೂಸರನ್ನು ಲಿಬ್‌ವರ್ಟ್ ಗ್ರೂಪ್‌ಗೆ ಸೇರಿಸಿ, ಲಾಗ್ಔಟ್ ಆಗಿ ಮತ್ತೆ ಬನ್ನಿ. ಈ ಗ್ರೂಪಿಗೆ ಹೆಚ್ಚುಕಮ್ಮಿ ರೂಟ್‌ನಷ್ಟೇ ಅಧಿಕಾರ ಇರುತ್ತೆ. ಬೇರೆ ಯಾರನ್ನೂ ಸೇರಿಸಬೇಡಿ.

ಕಟ್ಟುವುದು: ಯಾವುದಾದರೂ ಹಗುರವಾದ ಲಿನಕ್ಸ್‌ನ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ನಿಮ್ಮಲ್ಲಿ 8 ಜಿಬಿ ರ್‍ಯಾಮ್ ಇದ್ದರೆ ಮಷೀನ್‌ಗೆ 2 ಜಿಬಿ, 16 ಇದ್ದರೆ 4 ಕೊಡಿ. ಡಿಸ್ಕ್ 25 ಜಿಬಿ ಸಾಕು. ಕ್ಯೂಕೌ2 ಮಾದರಿಯ ಡಿಸ್ಕ್ ಆರಿಸಿದರೆ ಬಳಸಿದಷ್ಟೇ ಜಾಗ ತಿನ್ನುತ್ತೆ, ಸ್ನ್ಯಾಪ್‌ಶಾಟ್ ತೆಗೆಯುವುದೂ ಸುಲಭ. ಇನ್‌ಸ್ಟಾಲ್ ಮುಗಿಸಿ, ಅಪ್‌ಡೇಟ್ ಮಾಡಿ, ಮಷೀನ್ ಆಫ್ ಮಾಡಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ.

ಬಳಸುವುದು: ಮಷೀನ್ ಒಳಗಿನ ಬ್ರೌಸರ್‌ನಲ್ಲಿ ಫೈಲ್ ಇಳಿಸಿ, ಮೇಲ್‌ನಿಂದ ಲಾಗ್ಔಟ್ ಆಗಿ. ಆಮೇಲೆ ವರ್ಟ್-ಮ್ಯಾನೇಜರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಕಡಿದು ಹಾಕಿ. ಫೈಲ್ ತೆರೆಯುವುದು ಅದಾದ ಮೇಲೆಯೇ. ಓದಿ ಮುಗಿದ ಕೂಡಲೇ ಹಳೇ ಸ್ನ್ಯಾಪ್‌ಶಾಟ್‌ಗೆ ಮರಳಿ. ಆ ನಡುವೆ ಒಳಗೆ ಏನೇ ಕೂತಿದ್ದರೂ ಅಳಿಸಿಹೋಗುತ್ತೆ. ಕ್ಲಿಪ್‌ಬೋರ್ಡ್, ಫೋಲ್ಡರ್ ಹಂಚಿಕೊಳ್ಳುವ ಸೌಕರ್ಯಗಳನ್ನು ಬಳಸಬೇಡಿ. ನೀವೇ ಬಾಗಿಲು ತೆರೆದಿಟ್ಟರೆ ಗೋಡೆ ಕಟ್ಟಿ ಏನು ಬಂತು?

ಮಿತಿ: ಗೋಡೆಯಲ್ಲೂ ಬಿರುಕು ಬಿಡುತ್ತೆ. 2015ರಲ್ಲಿ ಬಯಲಾದ ವೆನಮ್ ದೋಷ ಕ್ಯೂಎಮುವಿನ ಫ್ಲಾಪಿ ಕಂಟ್ರೋಲರ್ ಕೋಡಿನಲ್ಲಿತ್ತು. ಒಳಗಿನ ಮಾಲ್‌ವೇರ್ ಹೊರಗಿನ ಕಂಪ್ಯೂಟರಿಗೆ ದಾಟಲು ಅದು ದಾರಿ ಮಾಡಿಕೊಡಬಹುದಿತ್ತು. ಹಾಗಾಗಿ ಎರಡೂ ಕಡೆ ಅಪ್‌ಡೇಟ್ ತಪ್ಪಿಸಬೇಡಿ. ಮತ್ತೆ, ಇದು ನಿಮ್ಮ ಫೋನನ್ನು ಕಾಯುವುದಿಲ್ಲ: ಅದೇ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಒತ್ತಿಬಿಟ್ಟರೆ ಇಷ್ಟೆಲ್ಲ ಮಾಡಿದ್ದೂ ದಂಡ.