ಹುಲ್ಲುಗಾವಲಿನ ಅರಿವು, ಕಡಲಿನ ಕಸುಬು: ಉಳ್ಳಾರ್ತಿ ಕಾವಲಿನಿಂದ ಕಂಡ ಸುಸ್ಥಿರ ಕಡಲ ಆರ್ಥಿಕತೆಯ ಶಿಕ್ಷಣ

ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನಿಂದ ಮಂಗಳೂರಿನ ಕಡಲ ದಡಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿನ ಬದುಕು ನಡೆದಿರುವುದು ಶೇಂಗಾ ಹೊಲ, ಕುರಿಮಂದೆ, ಕಂಬಳಿ ಮಗ್ಗಗಳ ಮೇಲೆ. ಕಡಲನ್ನು ಕೆಡಿಸದೆ ಕಡಲಿನಿಂದಲೇ ಬದುಕು ಕಟ್ಟಿಕೊಳ್ಳುವ ಸುಸ್ಥಿರ ಕಡಲ ಆರ್ಥಿಕತೆಗೆ ಯುವಜನರನ್ನು ಅಣಿಗೊಳಿಸುವ ಮಾತು ಬಂದಾಗ ಚರ್ಚೆ ಉಡುಪಿ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಗಡಿ ದಾಟುವುದು ಅಪರೂಪ. ಈ ಗಡಿಗೆ ಆಧಾರವಿಲ್ಲ ಎಂಬುದು ನನ್ನ ವಾದ. ಕಾವಲಿನ ಮಕ್ಕಳು ಈ ಕಸುಬಿಗೆ ಬರಿಗೈಯಲ್ಲಿ ಹೋಗುವವರಲ್ಲ. ಕಡಲ ಶಿಕ್ಷಣದಲ್ಲಿ ಇಂದು ಕೊರತೆಯಾಗಿರುವ ಒಂದು ಅರಿವು ಅವರ ಮನೆಯಲ್ಲೇ ಇದೆ.

ಆ ಅರಿವು ಎಲ್ಲರದೂ ಆದ, ಯಾರೊಬ್ಬರದೂ ಅಲ್ಲದ ಸಂಪತ್ತನ್ನು ಬಳಸುವ ಬಗೆಗೆ ಸಂಬಂಧಿಸಿದ್ದು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ 'ಅಮೃತ್ ಮಹಲ್' ಎಂದು ಹೆಸರಿಟ್ಟ. ಅದರ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳೇ ಈ ಕಾವಲುಗಳು. ಅವುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಂಗಡಣೆ ಇತ್ತು. ಒಂದು ಕಡೆ ಮೇಯುತ್ತಿದ್ದರೆ ಇನ್ನೊಂದು ಕಡೆ ಹುಲ್ಲು ಚಿಗುರಲು ಬಿಡುವು ಸಿಗುತ್ತಿತ್ತು. ದೇವರ ಎತ್ತುಗಳನ್ನು ಸಾಕುವ ಮ್ಯಾಸ ನಾಯಕರ ಕಿಲಾರಿಗಳಿಗೂ, ಕುರಿ ಕಾಯುವ ಕುರುಬರು, ಕಾಡುಗೊಲ್ಲರಿಗೂ ಯಾವ ನೆಲ ಯಾವ ತಿಂಗಳಲ್ಲಿ ಎಷ್ಟು ಮಂದೆ ತಾಳುತ್ತದೆ ಎಂಬುದು ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ.

ಇದರ ಪಕ್ಕದಲ್ಲಿ ನಮ್ಮ ಕರಾವಳಿಯ ರಂಪಣಿಯನ್ನು ಇಟ್ಟು ನೋಡಬೇಕು. ದೋಣಿಯಲ್ಲಿ ಬಲೆ ಒಯ್ದು, ದಡದ ಹತ್ತಿರ ಬಂದ ಬಂಗುಡೆ, ಭೂತಾಯಿ ಹಿಂಡನ್ನು ಸುತ್ತುವರಿದು, ಹತ್ತಾರು ಜನ ಮರಳಿನ ಮೇಲೆ ನಿಂತು ಬಲೆಯ ಎರಡೂ ತುದಿ ಎಳೆಯುತ್ತಿದ್ದರು. ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಮೀನು ದಡಕ್ಕೆ ಬರುವವರೆಗೆ ಕಾಯುವುದೇ ಈ ಪದ್ಧತಿಯ ಜೀವಾಳ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಸೇರುವ ಮೊದಲೇ ನಡುನೀರಿನಲ್ಲಿ ಬಲೆಗೆ ಬಿತ್ತು. ಕೆಲವೇ ವರ್ಷಗಳಲ್ಲಿ ರಂಪಣಿ ಸೊರಗಿತು, ನಾಡದೋಣಿಯವರ ಪ್ರತಿಭಟನೆಗಳಾದವು. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಇಂದು ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲು ಬಂದ್. ಮಳೆಗಾಲದ ಈ ನಿಷೇಧವೂ ಕಾವಲುಗಳ ಋತುವಿಂಗಡಣೆಯೂ ಒಂದೇ ತಿಳಿವಿನ ಎರಡು ರೂಪಗಳು. ಮೀನು ಮೊಟ್ಟೆಯಿಡುವ ಹೊತ್ತು, ಹುಲ್ಲು ಬೀಜ ಕಟ್ಟುವ ಹೊತ್ತು, ಎರಡಕ್ಕೂ ಮನುಷ್ಯ ದೂರ ಸರಿದು ನಿಲ್ಲಬೇಕಾಗುತ್ತದೆ.

ಹೋಲಿಕೆ ಇಲ್ಲಿಗೆ ಮುಗಿಯುವುದಿಲ್ಲ, ನೋವಿನಲ್ಲೂ ಮುಂದುವರಿಯುತ್ತದೆ. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ನೆಲವನ್ನು 2010ರ ದಶಕದ ಆರಂಭದ ಹೊತ್ತಿಗೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಗೋಡೆಗಳು ಎದ್ದವು. ಮೇವಿನ ಹಾದಿ ಕಳೆದುಕೊಂಡ ಹಳ್ಳಿಗರ ಪ್ರಶ್ನೆ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕಾರವಾರ, ಅಂಕೋಲಾ ಕಡೆಯಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅಲ್ಲಿ ಸಾವಿರಾರು ಕುಟುಂಬಗಳು ಮನೆಯನ್ನಷ್ಟೇ ಅಲ್ಲ, ದೋಣಿ ಎಳೆದು ನಿಲ್ಲಿಸುವ ದಡವನ್ನೂ ಬಿಟ್ಟುಕೊಟ್ಟವು. ದೇಶದ ರಕ್ಷಣೆ, ವಿಜ್ಞಾನ ಬೇಡವೆಂದು ಯಾರೂ ಹೇಳಿಲ್ಲ. ಆದರೆ ಪಹಣಿಯಲ್ಲಿ ಹೆಸರಿಲ್ಲದವನ ಹಕ್ಕನ್ನು ಲೆಕ್ಕ ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಗ್ರಾಮಗಳ ಸಾಮುದಾಯಿಕ ಜಮೀನಿನ ಕುರಿತು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಮೀನುಗಾರಿಕೆ ಓದುವ ವಿದ್ಯಾರ್ಥಿಯೂ ಓದಬೇಕೆಂದು ನಾನು ಹೇಳುವುದು ಇದಕ್ಕೇ. ನಾಳೆ ಬಂದರು, ಗಾಳಿಯಂತ್ರ, ಪಂಜರ ಮೀನುಕೃಷಿಗಳಿಗೆ ಕಡಲನ್ನು ಹಂಚುವ ಕಡತ ಆ ವಿದ್ಯಾರ್ಥಿಯ ಮೇಜಿನ ಮೇಲೇ ಬರುತ್ತದೆ.

ಕಾವಲಿಗೂ ಕಡಲಿಗೂ ಇರುವ ಇನ್ನೊಂದು ಕೊಂಡಿ ಮುಂಗಾರು. ಚಳ್ಳಕೆರೆಗೆ ತಾಗಿಕೊಂಡಿರುವ ಪಾವಗಡ ಸೀಮೆಯ ಮಳೆಯಾಶ್ರಿತ ಶೇಂಗಾವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ರೈತ-ವಿಜ್ಞಾನಿ ಪಿ. ಆರ್. ಶೇಷಗಿರಿ ರಾವ್ ಮತ್ತು ಸಂಗಡಿಗರು ರೈತರ ಜೊತೆಗೂಡಿ ಅಧ್ಯಯನ ಮಾಡಿದರು. ಬಿತ್ತನೆಯ ದಿನ ಹಿಂದೆಮುಂದೆ ಆದರೆ ಇಳುವರಿಗೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಸಮಭಾಜಕದ ಬಳಿಯ ಹಿಂದೂ ಮಹಾಸಾಗರದ ಮೇಲಿನ ಮೋಡಗಳ ಏರಿಳಿತವನ್ನು ನಮ್ಮ ಮುಂಗಾರಿಗೆ ಜೋಡಿಸಿ ತೋರಿಸಿದವರಲ್ಲೂ ಸುಲೋಚನಾ ಗಾಡ್ಗೀಳ್ ಮುಖ್ಯರು. ಅದೇ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರದ ಪಿ. ಎನ್. ವಿನಯಚಂದ್ರನ್ 2016ರ ಮುಂಗಾರಿನಲ್ಲಿ 'ಸಿಂಧು ಸಾಧನಾ' ಹಡಗಿನಲ್ಲಿ ಬಂಗಾಳ ಕೊಲ್ಲಿಯ ಅಧ್ಯಯನ ಮುನ್ನಡೆಸಿದರು. ಆ ಸಂಸ್ಥೆಯ ಎರಡನೆಯ ಆವರಣ ಇರುವುದು ಇಲ್ಲೇ, ಕುದಾಪುರದಲ್ಲಿ. ಶಿಕ್ಷಕರಿಗೆ ತರಬೇತಿ ಕೊಡುವ ಪ್ರತಿಭಾ ವಿಕಾಸ ಕೇಂದ್ರವೂ ಅಲ್ಲಿದೆ. ಇನ್ನು ಮೀನು ಸಿಗಬಹುದಾದ ತಾಣಗಳನ್ನು ಉಪಗ್ರಹದ ಮಾಹಿತಿ ನೋಡಿ ಹೇಳುವ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್‌ಕಾಯಿಸ್, 1999ರಿಂದ ಕೆಲಸ ಮಾಡುತ್ತಿರುವುದು ಹೈದರಾಬಾದಿನಲ್ಲಿ, ನಮ್ಮಂತೆಯೇ ದಖ್ಖನ್ನಿನ ಬಂಡೆಯ ಮೇಲೆ.

ಕಡಲ ಶಿಕ್ಷಣಕ್ಕೆ ಹಾದಿಗಳು ಇಲ್ಲದಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆದವರಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ನಾಲ್ಕು ವರ್ಷದ ಪದವಿ ತೆರೆದಿದೆ. 1969ರಲ್ಲಿ ಶುರುವಾದ ಅದು ದೇಶದ ಮೊದಲ ಮೀನುಗಾರಿಕೆ ಕಾಲೇಜು. ಕೃಷಿಕರ ಮಕ್ಕಳಿಗೆ ಅಲ್ಲಿ ಮೀಸಲು ಸೀಟುಗಳಿವೆ, ಇದು ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲುಪಬೇಕಾದ ಸುದ್ದಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಇವೆ.

ಆದರೆ ಸೀಟು ಸಿಕ್ಕ ಮೇಲೆ ಕಾವಲಿನ ವಿದ್ಯಾರ್ಥಿಗೆ ಮೊದಲ ಪಾಠವೇ 'ನಿನಗೆ ಕಡಲು ಗೊತ್ತಿಲ್ಲ' ಎಂದಾಗಬಾರದು. ಮೊದಲ ರಜೆಗೆ ಊರಿಗೆ ಹೋದಾಗ ಕಿಲಾರಿಗಳ ಬಳಿ ಕೂತು ಬರೆದುಕೊಂಡು ಬರಲಿ: ಯಾವ ತಿಂಗಳು ಯಾವ ಕಡೆ ಮೇಯಿಸುವುದಿಲ್ಲ, ತಪ್ಪಿದವನನ್ನು ಯಾರು ಕೇಳುತ್ತಾರೆ, ಬರಗಾಲದಲ್ಲಿ ಪರಊರಿನ ಮಂದೆ ಬಂದರೆ ಏನು ಮಾಡುತ್ತಾರೆ. ಅದೇ ನೋಟ್‌ಬುಕ್ಕಿನ ಎದುರಿನ ಪುಟ ಖಾಲಿ ಇರಲಿ. ಆಗಸ್ಟ್ ತಿಂಗಳಲ್ಲಿ ದೋಣಿಗಳು ಮತ್ತೆ ಕಡಲಿಗಿಳಿಯುವಾಗ ಮಲ್ಪೆಯಲ್ಲೋ ತದಡಿಯಲ್ಲೋ ನಿಂತು ಅವೇ ಮೂರು ಪ್ರಶ್ನೆಗಳನ್ನು ಅಲ್ಲಿನ ಹಿರಿಯರಿಗೆ ಕೇಳಿ ತುಂಬಿಸಲಿ.