ಶಾಲೆಗೆ, ಬೀದಿಗೆ ದುಡ್ಡು ಕೇಳೋದು ಯಾರು? ದುರ್ಗದ ಸೀಮೆಯ ಅನುದಾನದ ಕಥೆ

ವಿಧಾನಮಂಡಲದ ಅಧಿವೇಶನ ಬಂತು ಅಂದ್ರೆ ನಮ್ಮ ಕಡೆಯ ಸುದ್ದಿ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಕ್ಷೇತ್ರವಾದ್ರೂ ಸರಿ, ಯಾವ ಪಕ್ಷವಾದ್ರೂ ಸರಿ, ಶಾಸಕರ ಬೇಡಿಕೆ ಎರಡು: ಶಾಲಾ ಕೊಠಡಿಗೆ ಅನುದಾನ ಕೊಡಿ, ಪಟ್ಟಣದ ರಸ್ತೆ-ಚರಂಡಿಗೆ ಅನುದಾನ ಕೊಡಿ. ಹೀಗೆ ಕೇಳುವ ಪದ್ಧತಿ ಶುರುವಾಗಿದ್ದು ಎಲ್ಲಿ? ಎಲ್ಲವನ್ನೂ ಶಾಸಕರೊಬ್ಬರೇ ಕೇಳಬೇಕಾದ ಸ್ಥಿತಿ ಬಂದಿದ್ದು ಹೇಗೆ? ಇವತ್ತು ಆ ಕಥೆ.

ಮೊದಲು ಶಾಲೆಯ ವಿಷಯ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದಾಗ, 1868ರಲ್ಲಿ, ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಹೌದು, ಮುಂದೆ ನಮ್ಮ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಅದೇ ರೈಸ್. ಕಟ್ಟಡ ಊರಿನವರು ಕೊಡಬೇಕು, ಮೇಷ್ಟ್ರ ಸಂಬಳ ಸರ್ಕಾರ ನೋಡಿಕೊಳ್ಳುತ್ತೆ ಅನ್ನೋದು ಅದರ ಲೆಕ್ಕ. ಅನುಕೂಲಸ್ಥರಿದ್ದ ಊರಿಗೆ ಇದು ಸುಲಭ. ಮಳೆ ಕೈಕೊಟ್ಟ ಬಯಲುಸೀಮೆಯ ಊರಿಗೆ?

ಕೇಳೋಕೆ ಒಂದು ವೇದಿಕೆ ಸಿಕ್ಕಿದ್ದು 1881ರಲ್ಲಿ. ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಕರೆದರು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಜಮೀನುದಾರರು, ವರ್ತಕರು ಮೈಸೂರಿಗೆ ಹೋಗಿ ತಮ್ಮ ಸೀಮೆಯ ಕಷ್ಟ ಹೇಳಿಕೊಳ್ಳಬಹುದಿತ್ತು. ಆದ್ರೆ ಒಂದು ಮಿತಿ ನೋಡಿ: ಅವರು ಹೇಳಬಹುದು, ಅಷ್ಟೇ. ಆಯವ್ಯಯಕ್ಕೆ ಮತ ಹಾಕುವ ಹಕ್ಕು ಇರಲಿಲ್ಲ. ಕೊಡೋದು ಬಿಡೋದು ದಿವಾನರ ಇಷ್ಟ. ಇಲಾಖೆಗಳ ಬೇಡಿಕೆ ಮೇಲೆ ಮತ ಹಾಕುವ ಅಧಿಕಾರ ಬಂದಿದ್ದು 1923ರ ಸುಧಾರಣೆಯಲ್ಲಿ, ಅದೂ ಇನ್ನೊಂದು ಸಭೆಗೆ, ಅಂದ್ರೆ ನ್ಯಾಯವಿಧಾಯಕ ಸಭೆಗೆ.

ಹಾಗಂತ ದೊಡ್ಡ ದುಡ್ಡು ಈ ಕಡೆ ಬರಲೇ ಇಲ್ಲ ಅಂತಲ್ಲ. ಹಿರಿಯೂರಿನ ಮಾರಿಕಣಿವೆ, ಅಂದ್ರೆ ವಾಣಿ ವಿಲಾಸ ಸಾಗರ, 1907ಕ್ಕೆ ಮುಗಿದಿತ್ತು. ಅಣೆಕಟ್ಟೆ ಅಂದ್ರೆ ಒಂದೇ ದೊಡ್ಡ ಕೆಲಸ, ಎಲ್ಲರ ಕಣ್ಣಿಗೂ ಕಾಣುತ್ತೆ. ಬೀದಿ ಚರಂಡಿ, ಸೋರುವ ಶಾಲೆ ಮಾಡು ನೂರು ಕಡೆ ಚದುರಿದ ಸಣ್ಣ ಕೆಲಸ. ಅದನ್ನ ವರ್ಷ ವರ್ಷ ಯಾರಾದರೂ ಬೆನ್ನು ಹತ್ತಬೇಕು.

ದೊಡ್ಡ ನಾಯಕರಿದ್ರೆ ಇದು ಸಾಧ್ಯ ಅಂತೀರಾ? ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಿಂದ ನಿಂತು ಸೋತರು. ಮೂರು ತಿಂಗಳು ಎಸ್.ಆರ್. ಕಂಠಿ ಮುಖ್ಯಮಂತ್ರಿಯಾಗಿದ್ದರು. ಆಮೇಲೆ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು 1968ರವರೆಗೆ ಆ ಹುದ್ದೆಯಲ್ಲಿದ್ದರು. ಇದಾಗಿ 40 ವರ್ಷಕ್ಕೆ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂದಿತು. ಆ 39ರಲ್ಲಿ ಹೊಸದುರ್ಗವೂ ಇತ್ತು. ಜಿಲ್ಲೆಗೆ ದೊಡ್ಡ ಹೆಸರು ಇರೋದೇ ಬೇರೆ, ತಾಲ್ಲೂಕಿಗೆ ಪಾಲು ಸಿಗೋದೇ ಬೇರೆ.

ಈ ನಡುವೆ ಒಂದು ಒಳ್ಳೆ ಪ್ರಯತ್ನ ಆಗಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಹಳ್ಳಿ ಶಾಲೆಯ ಉಸ್ತುವಾರಿ ಜಿಲ್ಲೆಯ ಕೈಗೇ ಸಿಕ್ಕಿತು. ಕೊಠಡಿ ಬೇಕಾದ್ರೆ ಕೇಳೋಕೆ ಒಬ್ಬ ಸದಸ್ಯರಿದ್ದರು, ಬೆಂಗಳೂರಿಗೇ ಹೋಗಬೇಕಿರಲಿಲ್ಲ. ಇವತ್ತಿನ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಅದರ ಮುಂದುವರಿಕೆ. ಆದ್ರೆ 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕುರ್ಚಿಯಲ್ಲಿ ಕೂತಿದ್ದು ಆಡಳಿತಾಧಿಕಾರಿಗಳು. ಕೇಳುವ ಬಾಯಿ ಕಮ್ಮಿಯಾಯ್ತು, ಭಾರ ಶಾಸಕರ ಮೇಲೆ ಬಿತ್ತು.

ಪಟ್ಟಣದಲ್ಲಿ ತೊಡಕು ಇನ್ನೊಂದು ಥರ. ಸರ್ಕಾರಿ ಶಾಲೆ ಶಿಕ್ಷಣ ಇಲಾಖೆಯದ್ದು, ಶಾಲೆ ಮುಂದಿನ ಚರಂಡಿ ನಗರಸಭೆಯದ್ದು. ಮಳೆ ನೀರು ಮಾತ್ರ ಇಲಾಖೆ ಕೇಳಿ ಒಳಗೆ ಬರಲ್ಲ! ಬಿಇಒ ಕಚೇರಿ ಮತ್ತು ನಗರಸಭೆ, ಎರಡೂ ಕಡೆ ಮಾತು ನಡೆಯೋದು ಶಾಸಕರದ್ದು. ಅವರ ಕೈಲಿರುವ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಅದೂ ಇಡೀ ಕ್ಷೇತ್ರಕ್ಕೆ. ಹಾಗಾಗಿ ಮಿಕ್ಕಿದ್ದಕ್ಕೆ ಮಂತ್ರಿಗಳ ಹತ್ತಿರ ಅರ್ಜಿ ಹಿಡಿದು ಹೋಗಲೇಬೇಕು. ಆಡಳಿತ ಪಕ್ಷದಲ್ಲಿದ್ರೆ ಒಂದು ಮರ್ಯಾದೆ, ವಿರೋಧ ಪಕ್ಷದಲ್ಲಿದ್ರೆ ಇನ್ನೊಂದು ಅನ್ನೋ ದೂರು ಎಲ್ಲ ಸರ್ಕಾರಗಳ ಕಾಲದಲ್ಲೂ ಕೇಳಿಬಂದಿದೆ.

ದಸರಾ ಸಭೆಯ ಪ್ರತಿನಿಧಿಗೆ ಮತದ ಹಕ್ಕಿರಲಿಲ್ಲ, ಇವತ್ತಿನ ಶಾಸಕರಿಗೆ ಇದೆ. ಆದ್ರೂ ಒಂದು ಶಾಲಾ ಕೊಠಡಿಗಾಗಿ ಮನವಿ ಪತ್ರ ಹಿಡಿದು ನಿಲ್ಲೋದು ತಪ್ಪಿಲ್ಲ. ಶಾಲೆ ಮಕ್ಕಳ ಹಕ್ಕು ಅಂತ ಕಾನೂನು ಹೇಳುತ್ತೆ, ಕಟ್ಟಡ ಮಾತ್ರ ಇನ್ನೂ ಕೃಪೆಯ ಲೆಕ್ಕದಲ್ಲೇ ಬರ್ತಿದೆ.

ಅದಕ್ಕೇ ಮುಂದಿನ ಸಲ ನಿಮ್ಮ ಶಾಸಕರು "ಅನುದಾನ ತಂದಿದ್ದೀನಿ" ಅಂದಾಗ ಮೂರು ಪ್ರಶ್ನೆ ಕೇಳಿ. ಯಾವ ಯೋಜನೆಯಡಿ? ಬರೀ ಮಂಜೂರಾಗಿದೆಯೋ, ಬಿಡುಗಡೆಯೂ ಆಗಿದೆಯೋ? ಯಾವ ಶಾಲೆಗೆ, ಯಾವ ವಾರ್ಡಿಗೆ? ಉತ್ತರ ಬರೆದಿಟ್ಟುಕೊಳ್ಳಿ, ಮುಂದಿನ ಅಧಿವೇಶನದ ಹೊತ್ತಿಗೆ ಹೋಗಿ ಕೆಲಸ ನೋಡಿ ಬನ್ನಿ.